ಸತ್ತ ಜಿಂಕೆಗೆ ವನ್ಸ್ ಮೋರ್

ಕ್ರಿಸ್ತಶಕ ೨೪೧೭, ಫೆಬ್ರವರಿ ಮೂವತ್ತೊಂದು

ಸಫಾರಿ ಜೀಪಿನ ಮುಂದಿನ ಸೀಟಿಗಾಗಿ ಮುಂಜಾನೆಯೇ ಜಗಳವಾಡುವ ಇಪ್ಪತ್ತೊಂದನೇ ಶತಮಾನದ ಮಹಾಜನಗಳೇ, ನಿಮ್ಮ ಪಾದಕ್ಕೆ ಈ ತಿಪ್ಪೇಶಿಯ ದೀರ್ಘದಂಡ ನಮಸ್ಕಾರ. ದಿನಾಂಕ ಕಂಡು ಗಾಬರಿಯಾಗದಿರಿ. ಪ್ರವಾಸದ ಕಾಲ ಉದ್ದವಾಗಲೆಂದು ನಮ್ಮವರು ಫೆಬ್ರವರಿಗೆ ಮೂರು ದಿನ ಹೊಲಿದು ಸೇರಿಸಿದ್ದಾರೆ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮೆಯಿರಲಿ. ಅವು ಹುಟ್ಟುವ ಹೊತ್ತಿಗೆ ನೀವು ಹೊರಟುಹೋಗಿದ್ದಿರಿ, ಹುಲಿಗಳನ್ನೂ ಜೊತೆಗೆ ಕರೆದುಕೊಂಡು.

ನಾನು ನಾಟಕ ಕಂಪನಿಯ ಪರದೆಯ ಹಿಂದೆ ಹುಟ್ಟಿ, ರಂಗಗೀತೆಯನ್ನೇ ಜೋಗುಳವಾಗಿ ಕೇಳಿ ಬೆಳೆದವನು. ಕಾಡಿನಲ್ಲಿ ಪ್ರಾಣಿ ಮುಗಿದಾಗ ಸಫಾರಿಯ ಧಣಿಗಳು ನಮ್ಮ ಕಂಪನಿಯನ್ನೇ ಇಡಿಯಾಗಿ ಇಲ್ಲಿಗೆ ತಂದು ಬಿಟ್ಟರು. ಬೆಳಿಗ್ಗೆ ನಾವು ಚರ್ಮ ತೊಟ್ಟು ನಾಲ್ಕು ಕಾಲಲ್ಲಿ ಓಡುವ ಮೃಗಗಳು. ಮಧ್ಯಾಹ್ನ ಮುಖ ತೊಳೆದು ಕಾಡೊಳಗಿನ ಹಾಡಿಯ ಜನರಾಗಿ ಕುಣಿಯುತ್ತೇವೆ, ಮುದ್ದೆ ಬಡಿಸಿ ಸಂಸ್ಕೃತಿ ತೋರಿಸುತ್ತೇವೆ. ನಿಜವಾದ ಹಾಡಿಯವರನ್ನು ಎಂದೋ ಎಬ್ಬಿಸಿ ಕಳಿಸಿದ್ದಾರೆ. ಹುಲಿ ಮಾತ್ರ ಕೀಲುಹುಲಿ, ಅಂದರೆ ಯಂತ್ರ. ಹಲ್ಲಿಗೆ ರಬ್ಬರ್ ಹೊದಿಸಿರುತ್ತಾರೆ. ಪ್ರವಾಸಿಗರು ಗಾಜುಬಂಡಿಯೆಂಬ ತೇಲುವ ಕೋಣೆಯಲ್ಲಿ ಗುಂಪಾಗಿ ಕುಳಿತು ನೋಡುತ್ತಾರೆ. ವಿವರಣೆಯ ಕಂಠ ನನ್ನದು.

ನಮ್ಮ ಜಿಂಕೆ ಸಣ್ಣೀರಪ್ಪ. ಮಂಡಿ ಸವೆದಿತ್ತು, ಉಸಿರು ಸಾಲುತ್ತಿರಲಿಲ್ಲ. ಇವತ್ತಿನ ಗುಂಪು ಸಂತೋಷವಾಗಿ ಹೊರಟರೆ ನಾಳೆಯಿಂದ ಅವನಿಗೆ ಹಾಡಿಯ ಅಜ್ಜನ ಪಾತ್ರ, ಬೆಂಕಿ ಮುಂದೆ ಕೂತು ತಮಟೆ ಬಡಿದರೆ ಸಾಕು ಎಂದು ಧಣಿ ಮಾತು ಕೊಟ್ಟಿದ್ದರು.

"ನಾಳಿಂದ ನಾನು ಕುಂತ್ಕತೀನಿ, ನೀನು ಕುಣಿ ಕಣಮ್ಮಿ," ಎಂದ ಹೆಂಡತಿ ದೊಡ್ಡತಾಯಿಗೆ.

"ಕುಣೀತೀನಿ. ನೀನು ತಾಳ ತಪ್ಪಿಸ್ಬ್ಯಾಡ," ಎಂದಳು ಅವಳು.

ಗಾಜುಬಂಡಿ ಬಂದು ನಿಂತಿತು, ಹುಲಿ ಹಾರಿತು. ರಬ್ಬರ್ ಹರಿದಿತ್ತು. ಹಲ್ಲು ಕೊರಳಿಗಿಳಿದು ಸಣ್ಣೀರಪ್ಪ ಬಿದ್ದ. ಅಂಥ ನರಳಿಕೆಯನ್ನು ಗಾಜುಬಂಡಿ ಎಂದೂ ಕೇಳಿರಲಿಲ್ಲ. ಒಳಗಿದ್ದ ಮದುವೆಯ ಗುಂಪು ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಛೇ, ನನ್ನ ಕಣ್ಣುಬಿಲ್ಲೆ ಆಫ್ ಆಗಿತ್ತು ರೀ, ಇನ್ನೊಂದ್ಸಲ ಮಾಡಿಸಿ," ಎಂದಳು ಮದುಮಗಳು. ಕಣ್ಣುಬಿಲ್ಲೆ ಎಂದರೆ ಕಂಡದ್ದನ್ನು ಹಿಡಿದಿಡುವ ಮಸೂರ.

ನಾನು ಗಂಟಲು ಹರಿಯುವಂತೆ ಕೂಗಿದೆ: ರಕ್ತ, ಇದು ನಿಜವಾದ ರಕ್ತ.

"ಇವನ ಡೈಲಾಗ್ ಸೂಪರ್ ಅಲ್ವಾ," ಎಂದ ಮದುಮಗ. ಗುಂಪು ಒಕ್ಕೊರಲಿನಿಂದ ವನ್ಸ್ ಮೋರ್ ಎಂದಿತು.

ನಮ್ಮ ಕಂಪನಿಯ ಕಟ್ಟಳೆ ಹೀಗಿದೆ: ವನ್ಸ್ ಮೋರ್ ಬಂದರೆ ಸತ್ತು ಬಿದ್ದ ರಾಜನೂ ಎದ್ದು, ಹಾಡಿ, ಮತ್ತೆ ಸಾಯಬೇಕು.

"ಎದ್ದುಗಿದ್ದೀಯ, ಬಿದ್ಕಂಡಿರು," ಎಂದಳು ಪೊದೆಯ ಮರೆಯಿಂದ ದೊಡ್ಡತಾಯಿ.

"ಮಹಾಜನ ಕರೀತಾವ್ರಲ್ಲಮ್ಮಿ."

ಸಣ್ಣೀರಪ್ಪ ಎದ್ದ. ಓಡಿದ. ಹುಲಿ ಮತ್ತೆ ಹಾರಿತು. ಈ ಸಲ ಮದುಮಗಳ ಕಣ್ಣುಬಿಲ್ಲೆ ಆನ್ ಆಗಿತ್ತು.

ಮಧ್ಯಾಹ್ನ ಮುದ್ದೆ ನುಂಗಿದ ಮೇಲೆ ಗುಂಪಿಗೆ ಸಂಸ್ಕೃತಿ ಬೇಕಾಯಿತು. ದೊಡ್ಡತಾಯಿ ಕುಣಿಯಲಿಲ್ಲ, ಗಂಡನ ಹೆಸರು ಹಿಡಿದು ಹಾಡಿ ಹಾಡಿ ಅತ್ತಳು. ಹೊರಡುವಾಗ ಮದುಮಗಳು ಧಣಿಗೆ ಹೇಳಿದಳು: "ಜಿಂಕೆ ತುಂಬ ನ್ಯಾಚುರಲ್. ಆ ಆಂಟಿ ಅಳೋದು ಮಾತ್ರ ಸ್ವಲ್ಪ ಓವರ್."

ಅಂತೂ ಗುಂಪು ಸಂತೋಷವಾಗಿಯೇ ಹೊರಟಿತು. ಅಜ್ಜನ ಪಾತ್ರವನ್ನು ಧಣಿ ತಮ್ಮ ಭಾವಮೈದುನನಿಗೆ ಕೊಟ್ಟರು. ಜಿಂಕೆಯ ಚರ್ಮವನ್ನು ತೊಳೆಸಿ ದೊಡ್ಡತಾಯಿಯ ಹೆಗಲಿಗೆ ಹೊದಿಸಿ ನೋಡಿದರು. ಅಳತೆ ಸರಿಹೋಯಿತು.

ಮಹಾಜನಗಳೇ, ನಿಮ್ಮ ಕಾಲದಲ್ಲಿ ಜಿಂಕೆಯೇ ಜಿಂಕೆಯಾಗಿದೆಯಂತೆ, ಹಾಡಿಯಲ್ಲಿ ಹಾಡಿಯವರೇ ಇದ್ದಾರಂತೆ. ಒಮ್ಮೆ ಕಂಡು, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ, ಬೇಡುವುದು ಇಷ್ಟೇ. ನಾನಿನ್ನು ಗಂಟಲು ಕಾಯ್ದುಕೊಳ್ಳಬೇಕು. ಬೆಳಿಗ್ಗೆ ಗಾಜುಬಂಡಿಯ ಮುಂದೆ ನಿಂತು ಕೂಗಬೇಕಾದವನು ನಾನೇ: ಅಗೋ ನೋಡಿ, ಹೆಣ್ಣು ಜಿಂಕೆ.