ಓಗೊಡುವ ಪೆಟ್ಟಿಗೆ

ಹರಿಹರ
14 ನವೆಂಬರ್ 1986

ಪ್ರೀತಿಯ ಮಕ್ತುಮ್ ಭಾಯಿಗೆ ತಂಗಿ ಬಿಲ್ಕೀಸಳ ಸಲಾಂ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಕೈಕಾಲು ಗಟ್ಟಿಯಿವೆ, ಊಟಕ್ಕೆ ಕೊರತೆಯಿಲ್ಲ. ಅಷ್ಟರ ಮಟ್ಟಿಗೆ ಕ್ಷೇಮ. ಅದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಪುರಸೊತ್ತು ಸಿಗಲಿಲ್ಲ ಎಂದು ಎಲ್ಲರ ಹಾಗೆ ನಾನೂ ಹೇಳಬಹುದಿತ್ತು. ಪುರಸೊತ್ತು ಇತ್ತು, ಧೈರ್ಯ ಇರಲಿಲ್ಲ. ಕ್ಷಮಿಸು.

ಮೊದಲು ಅಮ್ಮನ ಸುದ್ದಿ. ಹೋದ ತಿಂಗಳು ದಾವಣಗೆರೆಗೆ ಹೋದಾಗ ಆವರಗೆರೆಯ ಮನೆಗೂ ಹೋಗಿಬಂದೆ. ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿದೆ. ಮಗ ಬೊಂಬಾಯಿಯಲ್ಲಿ ವಿಮಾನಗಳಿಗೆ ದಾರಿ ತೋರಿಸುತ್ತಾನೆಂದು ಓಣಿಗೆಲ್ಲ ಹೇಳಿಕೊಂಡಿದ್ದಾಳೆ. ಪಕ್ಕದ ಮನೆಯ ತಿಮ್ಮವ್ವ ನನ್ನೆದುರೇ ಕೇಳಿದಳು:

"ಹಂಗಾರೆ ಕತ್ತಲಾಗ ಮ್ಯಾಲೆ ಹೋಗೋ ವಿಮಾನಕ್ಕೆ ಟಾರ್ಚು ಬಿಡ್ತಾನೇನು ನಿನ್ನ ಮಗ?"

"ಹೂಂ ಮತ್ತೆ. ಅಷ್ಟು ದೊಡ್ಡ ಟಾರ್ಚು ನೀನು ಕಂಡಿರಾಕಿಲ್ಲ ಬಿಡು," ಎಂದಳು ಅಮ್ಮ.

"ಸುಳ್ಳು ಯಾಕ ಹೇಳ್ತೀಯಮ್ಮಾ? ಅವನು ರಡಾರ್ ರಿಪೇರಿ ಮಾಡ್ತಾನೆ," ಎಂದೆ.

ಅಮ್ಮ ತಿಮ್ಮವ್ವನ ಕಡೆ ತಿರುಗಿ, "ನೋಡವ್ವ, ಇನ್‌ಸ್ಪೆಕ್ಟರ್ ಬಂದಾಗ 'ಈ ಪಾಠ ಮಾಡೇ ಇಲ್ರಿ ಸಾರ್' ಅಂತ ಎದ್ದು ನಿಂತು ಹೇಳಿ ಶಾಲಿ ಕಳ್ಕೊಂಡಾಕಿ ಈಕಿ. ಇನ್ನೂ ಬುದ್ಧಿ ಬಂದಿಲ್ಲ," ಎಂದಳು. ಕಳೆದುಕೊಂಡದ್ದಲ್ಲ, ಮೇಷ್ಟರ ಮುಖ ನೋಡಲಾಗದೆ ನಾನೇ ಬಿಟ್ಟದ್ದು. ಅದನ್ನು ಹೇಳಹೋದರೆ ಇನ್ನೊಂದು ಜಗಳ.

ಈಗ ನಿನ್ನ ಕಾಗದದ ವಿಷಯ. ರಡಾರಿನ ಕತ್ತಲೆ ಕೋಣೆಯಲ್ಲಿ ಕೂತು ದಿನವೆಲ್ಲ ಏನು ಮಾಡುತ್ತೀ ಎಂದು ನಾನು ಕೇಳಿದ್ದಕ್ಕೆ ನೀನು ಹಾಳೆಗಟ್ಟಲೆ ಬರೆದೆ. ಶಾಲೆ ಬಿಟ್ಟವಳಿಗೆ ಇಷ್ಟು ಸಾಕು ಎಂದು ಕತ್ತರಿಸಲಿಲ್ಲವಲ್ಲ, ಅದಕ್ಕೆ ಸಂತೋಷವಾಯಿತು. ನನಗೆ ತಿಳಿದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು.

ರಡಾರ್ ಎರಡು ಥರ. ಒಂದು, ಬಾವಿಗೆ ಬಗ್ಗಿ ಕೂಗಿದ ಹಾಗೆ. ಕೂಗು ಹೋಗಿ ಬಡಿದು ಸೋತು ಸುಸ್ತಾಗಿ ಮರಳಿ ಬರುತ್ತದೆ. ಅಲ್ಲೇನೋ ಇದೆ ಎಂದೂ ಎಷ್ಟು ದೂರ ಎಂದೂ ತಿಳಿಯುತ್ತದೆ, ಯಾರು ಎಂದು ತಿಳಿಯುವುದಿಲ್ಲ. ಎರಡನೆಯದು, ಬಾಗಿಲಲ್ಲಿ ನಿಂತು 'ಯಾರದು?' ಎಂದು ಕೇಳಿ ಒಳಗಿದ್ದವರಿಂದ ಓಗೊಡಿಸಿಕೊಂಡ ಹಾಗೆ. ನೆಲದ ಮೇಲೆ ತಿರುಗುವ ಆಂಟೆನಾ ತರಂಗದ ಎರಡು ಪುಟ್ಟ ಪೆಟ್ಟು ಕಳಿಸುತ್ತದೆ. ಎರಡರ ನಡುವೆ ಎಂಟು ಮೈಕ್ರೋಸೆಕೆಂಡ್ ಬಿಟ್ಟರೆ 'ನೀನು ಯಾರು' ಎಂದು, ಇಪ್ಪತ್ತೊಂದು ಬಿಟ್ಟರೆ 'ಎಷ್ಟು ಎತ್ತರದಲ್ಲಿದ್ದೀ' ಎಂದು. ವಿಮಾನದೊಳಗಿನ ಪೆಟ್ಟಿಗೆ, ಅಂದರೆ ನಿನ್ನ ಟ್ರಾನ್ಸ್‌ಪಾಂಡರ್, ಅದನ್ನು ಕೇಳಿಸಿಕೊಂಡು ಬೇರೆಯದೇ ತರಂಗದಲ್ಲಿ ಉತ್ತರ ಕೊಡುತ್ತದೆ. ತನ್ನದೇ ಗಂಟಲಿನಿಂದ ಕೂಗುವುದರಿಂದ ಅದರ ದನಿ ದೂರದಿಂದಲೂ ಗಟ್ಟಿಯಾಗಿ ಕೇಳುತ್ತದೆ. ಪೈಲಟ್ ಬಾಯಿ ತೆರೆಯಬೇಕಿಲ್ಲ. ಅವನಿಗೆ ನೆಲದಿಂದಲೇ ಒಂದು ಸಂಖ್ಯೆ ಕೊಟ್ಟಿರುತ್ತಾರೆ, ತಿರುಪಿ ಇಟ್ಟುಕೊಂಡರೆ ಸಾಕು. ಆ ಸಂಖ್ಯೆಗಳಲ್ಲಿ ಎಂಟೂ ಒಂಬತ್ತೂ ಬರುವುದೇ ಇಲ್ಲವಂತೆ. ಮಗ್ಗಿಯಲ್ಲಿ ನಾನು ಏಟು ತಿಂದದ್ದೆಲ್ಲ ಆ ಎರಡರಲ್ಲೇ, ಹಾಗಾಗಿ ಈ ಲೆಕ್ಕ ನನಗೆ ಹಿಡಿಸಿತು.

ಇನ್ನೂ ಹಿಡಿಸಿದ್ದು ಮಧ್ಯದ ಮೂರನೇ ಪೆಟ್ಟು. ಆಂಟೆನಾ ನೇರ ಮುಂದಕ್ಕೆ ಕರೆದರೂ ಅಕ್ಕಪಕ್ಕಕ್ಕೆ ಒಂದಿಷ್ಟು ಸೋರುತ್ತದೆ. ಸೋರಿದ ಕರೆಗೆಲ್ಲ ವಿಮಾನ ಓಗೊಟ್ಟರೆ ಅದು ಯಾವ ದಿಕ್ಕಿನಲ್ಲಿದೆ ಎಂಬುದೇ ಗೊಂದಲ. ಅದಕ್ಕಾಗಿ ಎಲ್ಲ ದಿಕ್ಕಿಗೂ ಒಂದೇ ಸಮ ಕೇಳುವ ಇನ್ನೊಂದು ಪೆಟ್ಟು ಕೊಡುತ್ತಾರೆ. ಕರೆ ಅದಕ್ಕಿಂತ ಜೋರಾಗಿದ್ದರೆ ನನ್ನನ್ನೇ ಕರೆದದ್ದು, ಇಲ್ಲದಿದ್ದರೆ ಸುಮ್ಮನಿರಬೇಕು. ನಮ್ಮ ಅತ್ತೆ ದಿಲ್ಷಾದ್ ಬೇಗಂ ಯಾರನ್ನು ಕರೆದರೂ ಮನೆಯವರೆಲ್ಲ 'ಓ' ಎನ್ನುತ್ತಾರೆ. ಅವರಿಗೂ ಅಂಥದೊಂದು ಪೆಟ್ಟು ಬೇಕಿತ್ತು.

ಇದನ್ನು ಮಾವನಿಗೆ ಓದಿ ಹೇಳಿದೆ. ನಮ್ಮದು ಟ್ರಂಕಿನ ಅಂಗಡಿ, ಮಸ್ತಾನಸಾಬರಿಗೆ ಪೆಟ್ಟಿಗೆ ಎಂದರೆ ಒಂದೇ ಅರ್ಥ. ಸುತ್ತಿಗೆ ಕೆಳಗಿಟ್ಟು, "ಎಷ್ಟು ಗೇಜಿನ ತಗಡು ಅದಕ್ಕೆ?" ಎಂದರು.

"ಗೊತ್ತಿಲ್ಲ ಮಾವ."

"ಕೇಳಿ ಬರಿ. ಬೀಗದ ಕೊಂಡಿ ಹೊರಗಿರತೈತೋ ಒಳಗೋ, ಅದನ್ನೂ ಕೇಳು."

ಕೇಳಿದ್ದೇನೆ. ದಯವಿಟ್ಟು ಉತ್ತರ ಬರೆ, ಇಲ್ಲದಿದ್ದರೆ ದಿನಾ ನೆನಪಿಸುತ್ತಾರೆ.

ಇನ್ನು ಮಗುವಿನ ವಿಷಯ. ಇದಕ್ಕೇ ನಾನು ಇಷ್ಟು ದಿನ ತಡಮಾಡಿದ್ದು.

ನಮ್ಮ ಅಂಗಡಿ ನೀನು ನೋಡಿದ್ದೀಯ, ಮೋರಿಯ ಮೇಲೆ ಹಲಗೆ ಹಾಸಿ ಮುಂದಕ್ಕೆ ಚಾಚಿದ್ದು. ಮುಂದೆ ಅಂಗಡಿ, ಹಿಂದೆ ಮನೆ. ಮದುವೆ ದಿನಗಳು ಹತ್ತಿರ ಬಂದರೆ ಬೆಳಗಿನಿಂದ ಮುಸ್ಸಂಜೆಯವರೆಗೆ ತಗಡು ಬಡಿಯುವುದು ನಿಲ್ಲುವುದಿಲ್ಲ. ಆ ಗದ್ದಲದ ನಡುವೆ ನನ್ನ ಮಗ ಹುಟ್ಟಿದಾಗಿನಿಂದ ನೆಮ್ಮದಿಯಾಗಿ ನಿದ್ದೆ ಮಾಡಿದ. ಟ್ರಂಕು ಕೊಳ್ಳಲು ಬಂದವರು ಬೆರಗಾಗುತ್ತಿದ್ದರು. ಗುತ್ತೂರಿನ ಹುಲಿಗೆಮ್ಮ ಎಂಬಾಕೆ ಮಗಳ ಮದುವೆಗೆ ಟ್ರಂಕು ಕೊಳ್ಳಲು ಬಂದವಳು, "ಎಂಥಾ ಪುಣ್ಯದ ಕೂಸೇ ತಾಯಿ, ನಮ್ಮ ಮನೆಯಾಗ ಬೆಕ್ಕು ನಡದ್ರೆ ಏಳ್ತಾವೆ," ಎಂದು ದೃಷ್ಟಿ ತೆಗೆದು ಹೋದಳು. ನಾನು ಹಿಗ್ಗಿದೆ. ನಮ್ಮ ಮನೆಯಲ್ಲಿ ಒಮ್ಮೆ ಕರೆದರೆ ಯಾರಿಗೂ ಕೇಳುವುದಿಲ್ಲ, ಎಲ್ಲರೂ ಕೂಗಿಯೇ ಮಾತಾಡುವವರು. ಎರಡು ತುಂಬಿದ ಮಗು ಓಗೊಡದಿದ್ದರೆ ಅಲ್ಲಿ ಯಾರಿಗೆ ವಿಚಿತ್ರ ಅನ್ನಿಸಬೇಕು? ಮಾತು ಬಂದಿಲ್ಲವಲ್ಲ ಎಂದರೆ, "ಇವನಪ್ಪ ಶಮೀಮನೂ ತಡವಾಗೇ ಮಾತಾಡಿದ್ದು," ಎನ್ನುತ್ತಿದ್ದರು ಅತ್ತೆ. ಅಂಗಡಿಯಲ್ಲಿ ದೊಡ್ಡ ಸುತ್ತಿಗೆ ಬಿದ್ದರೆ ಮಗು ತಟಕ್ಕನೆ ತಿರುಗಿ ನೋಡುತ್ತಿತ್ತು. ಕೇಳುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೆ?

ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತಿತ್ತು. ಪೆಟ್ಟಿಗೆ ಕೆಟ್ಟು ವಿಮಾನ ಓಗೊಡದಿದ್ದರೂ ಹಳೆಯ ರಡಾರಿನಲ್ಲಿ ಹೆಸರಿಲ್ಲದ ಚುಕ್ಕೆಯಾಗಿ ಕಾಣುತ್ತದೆ. ಅದು ಯಾರೆಂದು ತಿಳಿಯಲು ರೇಡಿಯೋದಲ್ಲಿ ಪೈಲಟನಿಗೆ 'ಎಡಕ್ಕೆ ತಿರುಗು' ಎನ್ನುತ್ತಾರೆ. ಚುಕ್ಕೆ ತಿರುಗಿದರೆ ಅವನೇ. ಆದರೆ ಅವಸರಪಡಬಾರದು, ಬೇರೆ ವಿಮಾನ ಬೇರೆ ಕಾರಣಕ್ಕೆ ಆಗಲೇ ತಿರುಗಿರಬಹುದು, ಇನ್ನೊಮ್ಮೆ ನೋಡಬೇಕು ಎಂದು ನೀನು ಬರೆದಿದ್ದೆ.

ಬೇರೆ ಕಾರಣಕ್ಕೆ ತಿರುಗಿರಬಹುದು. ಈ ಮಾತು ಓದಿದ ಮೇಲೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ಮೊದಲೇ ಕೂತಲ್ಲಿ ಕೂರದವಳು ನಾನು. ಮಗುವನ್ನು ಹಲಗೆಯ ಮೇಲಿಂದ ಎತ್ತಿ ಒಳಗೆ ಮಂಚದ ಮೇಲೆ, ದಪ್ಪ ಹಾಸಿಗೆಯ ನಡುವೆ ಕೂರಿಸಿದೆ. ಬೆನ್ನ ಹಿಂದೆ ನಿಂತು ತಗಡಿನ ತುಂಡು ಬಡಿಯಿರಿ ಎಂದು ಮಾವನನ್ನು ಕರೆದೆ. ಮಾವ ಬಡಿದರು. ನನ್ನ ಕಿವಿಯೇ ಗುಂಯ್ ಎಂದಿತು. ಮಗು ತನ್ನ ಪಾಡಿಗೆ ಚಮಚವನ್ನು ಲೋಟದೊಳಗೆ ಹಾಕಿ ತೆಗೆದು ಆಡುತ್ತಿತ್ತು.

"ಆಟದಾಗ ಐತೆ ಕೂಸು, ಅದಕ್ಕೆ ಲಕ್ಷ್ಯ ಇಲ್ಲ," ಎಂದರು ಅತ್ತೆ.

"ಲಕ್ಷ್ಯದ ಮಾತಲ್ಲ ಅಮ್ಮಿ. ಹಲಗೆ ನಡುಗಿದ್ದಕ್ಕೆ ತಿರುಗ್ತಿದ್ದ, ಸಪ್ಪಳಕ್ಕಲ್ಲ. ಅವನಿಗೆ ಕೇಳಂಗಿಲ್ಲ. ಕಿವುಡ ಅದಾನೆ."

ಆ ಮಾತು ನನ್ನ ಬಾಯಿಂದ ಹಾಗೇ ಬಂತು, ಬೆಣ್ಣೆ ಹಚ್ಚದೆ. ಅಂಗಡಿಯಲ್ಲಿ ಶಮೀಮರ ಸುತ್ತಿಗೆ ನಿಂತಿತು. ಒಳಗೆ ಬಂದು ನನ್ನನ್ನು ನೋಡಿ, "ಇನ್ನೊಂದು ಸಲ ಆ ಮಾತು ಆಡಬ್ಯಾಡ," ಎಂದಷ್ಟೇ ಹೇಳಿ ಹೋದರು. ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಹೆತ್ತವಳು ಹೀಗನ್ನಬಹುದೆ ಎಂದು ಬಂದುಹೋದವರ ಹತ್ತಿರವೆಲ್ಲ ಅತ್ತರು.

ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿಯೇ ಹೋದೆ, ಯಾರೂ ಜೊತೆಗೆ ಬರಲಿಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ಕಿವಿ ಡಾಕ್ಟರು ನಿಧಾನವಾಗಿ ನೋಡಿದರು. ಸಣ್ಣ ಗಂಟೆ, ಗಿಲಕಿ, ಕೊನೆಗೆ ಅಟೆಂಡರನ ಸೀಟಿ. "ನೀವಂದಿದ್ದು ಸರಿ ಅಮ್ಮಾ," ಎಂದರು. ಸರಿ ಎನಿಸಿಕೊಂಡು ಇಷ್ಟು ಸಂಕಟವಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಮೈಸೂರಿನಲ್ಲಿ ಕಿವಿ ಮತ್ತು ಮಾತಿನದೇ ದೊಡ್ಡ ಸಂಸ್ಥೆಯಿದೆ, ಎಷ್ಟು ಕೇಳುತ್ತದೆಂದು ಅಳೆದು ಯಂತ್ರ ಕೊಡುತ್ತಾರೆ, ಆದರೆ ಈಗಲೇ ಹೋಗಬೇಕು ಎಂದರು. "ಮಾತು ಕಲಿಯೋ ವಯಸ್ಸು ದಾಟಿದ್ರೆ ಯಂತ್ರ ಹಾಕಿಯೂ ಕಷ್ಟ. ಯಾರು ತಡೆದರೂ ಕೇಳಬೇಡಿ."

ತಡೆಯುವವರು ಮನೆಯಲ್ಲೇ ಇದ್ದರು. ಅತ್ತೆ, ನಾಲ್ಕು ವರ್ಷ ತುಂಬಲಿ ನೋಡೋಣ ಎಂದರು. ದರ್ಗಾಕ್ಕೆ ಹರಕೆ ಹೊತ್ತಿದ್ದೇನೆ, ಅದು ಮುಗಿಯಲಿ ಎಂದರು. ನಾನೊಬ್ಬಳೇ ಮೈಸೂರಿಗೆ ಹೋಗಬಲ್ಲೆ. ಆದರೆ ಅಪ್ಪ ಎನ್ನಿಸಿಕೊಂಡವರು ನಂಬದೆ ಇದ್ದರೆ ಯಂತ್ರವನ್ನು ಕಿವಿಗೆ ಹಾಕಿಸಿಕೊಂಡು ಬಂದರೂ ಅದು ಮನೆಯಲ್ಲಿ ಡಬ್ಬಿಯೊಳಗೇ ಉಳಿಯುತ್ತದೆ. ಅದಕ್ಕೇ ಕಾದೆ. ಒಂದೊಂದು ದಿನ ಹೋದ ಹಾಗೂ ಮಗುವಿನ ಒಂದೊಂದು ಮಾತು ಕಳ್ಳರ ಪಾಲಾಗುತ್ತಿದೆ ಅನ್ನಿಸುತ್ತಿತ್ತು.

ನಿನ್ನ ರಡಾರಿನಿಂದ ನನಗೆ ಸಮಾಧಾನ ಸಿಕ್ಕಿತೆಂದು ತಿಳಿಯಬೇಡ. ಓಗೊಡದ ವಿಮಾನ ಸಿಕ್ಕರೆ ನೀವು ಉಳಿದ ವಿಮಾನಗಳನ್ನು ಅದರಿಂದ ದೂರ ಕಳಿಸುತ್ತೀರಿ. ನಾನು ಯಾರನ್ನು ದೂರ ಕಳಿಸಲಿ?

ಹೋದ ಶುಕ್ರವಾರ ನಮಾಜು ಮುಗಿಸಿ ಬಂದ ಶಮೀಮ್ ಅಂಗಡಿ ತೆರೆಯಲಿಲ್ಲ. ನಾನು ಅಡಿಗೆ ಕೋಣೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದೆ. ಮಗು ಹಲಗೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿತ್ತು. ಶಮೀಮ್ ಹಿಂದಿನಿಂದ ಮೆಲ್ಲಗೆ ಕರೆದರು. ಆಮೇಲೆ ಸ್ವಲ್ಪ ಜೋರಾಗಿ. ಆಮೇಲೆ ಪೂರ್ತಿ ಗಂಟಲು ಬಿಟ್ಟು. ಎದುರಿನ ಸೈಕಲ್ ಅಂಗಡಿಯ ಗೋಣೆಪ್ಪ ಹೊರಗೆ ಬಂದು, "ಯಾರನ್ನ ಕರೀತೀರಿ ಸಾಬ್ರೆ, ನನ್ನನ್ನೇನು?" ಎಂದ. ಶಮೀಮ್ ಅವನಿಗೆ ಕೈ ಆಡಿಸಿ ಏನಿಲ್ಲ ಎಂದು, ಬಗ್ಗಿ, ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಕುಟ್ಟಿದರು. ಮಗು ತಿರುಗಿತು. ಅಪ್ಪನನ್ನು ಕಂಡು ಹಲ್ಲೆಲ್ಲ ಬಿಟ್ಟು ನಕ್ಕಿತು.

ಅವರು ಅದನ್ನು ಎತ್ತಿ ಒಳಗೆ ತಂದು ಮಂಚದ ಮೇಲೆ ಕೂರಿಸಿ, ಹಿಂದೆ ನಿಂತು ಮತ್ತೆ ಕರೆದರು. ಗೋಡೆ ಕುಟ್ಟಿದರು. ಮತ್ತೆ ಹಲಗೆಗೆ ಕರೆದೊಯ್ದರು, ಮತ್ತೆ ಮಂಚಕ್ಕೆ ತಂದರು. ಮಗು ಇದೇನೋ ಹೊಸ ಆಟ ಎಂದುಕೊಂಡು ಪ್ರತಿ ಸಲ ಎತ್ತಿದಾಗಲೂ ಕೇಕೆ ಹಾಕಿತು. ನನ್ನ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು. ನಾನು ಎದ್ದು ಹೋಗಲಿಲ್ಲ. ನನಗೂ ಸುಮ್ಮನಿರಲು ಬರುತ್ತದೆ ಭಾಯಿ, ನೀನು ನಂಬುವುದಿಲ್ಲ.

ಆಮೇಲೆ ಅಡಿಗೆ ಕೋಣೆಯ ಬಾಗಿಲಿಗೆ ಬಂದು, ನನ್ನ ಮುಖ ನೋಡದೆ, "ಮೈಸೂರಿಗೆ ಬಸ್ಸು ಎಷ್ಟೊತ್ತಿಗೆ ಐತೆ, ಕೇಳಿದ್ಯಾ?" ಎಂದರು.

"ಕೇಳೀನಿ."

"ಮತ್ತೆ ಹೇಳ್ಬೇಕಿಲ್ಲೇನು?"

"ಆ ಮಾತು ಆಡಬ್ಯಾಡ ಅಂದಿದ್ರಲ್ಲ ನೀವು."

ಅವರು ನಗಲು ಹೋಗಿ ಆಗದೆ, ಬಾಗಿಲ ಚೌಕಟ್ಟು ಹಿಡಿದು ನಿಂತರು. ನಾನು ಎದ್ದು ಹೋಗಿ ಕೈ ಹಿಡಿದೆ. ಕೈಗೆಲ್ಲ ಹಿಟ್ಟಾಯಿತು.

ಸೋಮವಾರ ಹೊರಡುತ್ತೇವೆ. ನಿನ್ನೆ ರಾತ್ರಿ ಬಟ್ಟೆ ಮಡಿಸುತ್ತಿದ್ದಾಗ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಎಷ್ಟೋ ದಿನಗಳ ಮೇಲೆ ಮೊದಲ ಮಾತು: "ಕೂಸಿನ ಸ್ವೆಟರ್ ಇಟ್ಕೋ. ಅಲ್ಲಿ ಥಂಡಿ ಇರತೈತಂತೆ." ಸ್ವೆಟರನ್ನು ಅವರೇ ತಂದು ಕೈಗಿಟ್ಟರು. ನಾನು ಗೆದ್ದೆ ಎಂದು ಬರೆಯುವುದಿಲ್ಲ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಹೋದದ್ದನ್ನು ನೋಡಿದರೆ ಯಾರೂ ಹಾಗೆ ಬರೆಯಲಾರರು.

ಅಲ್ಲಿ ಏನು ಹೇಳುತ್ತಾರೋ, ಎಷ್ಟು ಕೇಳಿಸೀತೋ, ಏನೂ ಕೇಳಿಸದೆಯೂ ಹೋದೀತು. ತಿಳಿದದ್ದನ್ನು ತಿಳಿದ ಹಾಗೆ ಬರೆಯುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕತ್ತಲೆ ಕೋಣೆಯಲ್ಲಿ ಕಣ್ಣು ಕೆಡಿಸಿಕೊಳ್ಳಬೇಡ. ಅಲ್ಲಾಹ್ ನಿನ್ನನ್ನೂ, ನಿನ್ನ ಕಣ್ಣ ಮುಂದೆ ಹಾದುಹೋಗುವ ಅಷ್ಟೂ ಜನರನ್ನೂ ಸುಖವಾಗಿ ನೆಲ ಮುಟ್ಟಿಸಲಿ.

ನಿನ್ನ ಪ್ರೀತಿಯ ತಂಗಿ,
ಬಿಲ್ಕೀಸ್

ಮರೆತದ್ದು ನೆನಪಾಯಿತು ಎಂದು ಇಲ್ಲಿ ಬರೆದರೆ ಸುಳ್ಳು. ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮಗು ಹುಟ್ಟಿದಾಗ ಹೆಸರು ಆರಿಸಿ ತಂತಿ ಕಳಿಸಿದವನು ನೀನು. ಡಾಕ್ಟರ ಹತ್ತಿರದಿಂದ ಬಂದ ದಿನದಿಂದ ನಾನು ಅವನನ್ನು ಆ ಹೆಸರಿನಿಂದ ಕರೆದಿಲ್ಲ. ಭುಜ ಮುಟ್ಟುತ್ತೇನೆ, ಹಲಗೆ ಕುಟ್ಟುತ್ತೇನೆ. ಕರೆಯುವುದು ನಿಂತದ್ದು ಅವನಿಗೆ ಗೊತ್ತೇ ಆಗಲಿಲ್ಲ ಭಾಯಿ. ತನಗೊಂದು ಹೆಸರಿತ್ತೆಂದೇ ಅವನಿಗೆ ಗೊತ್ತಿಲ್ಲ, ಇನ್ನು ಕಳೆದದ್ದು ಹೇಗೆ ಗೊತ್ತಾದೀತು? ಕಳೆದುಕೊಂಡವಳು ನಾನೊಬ್ಬಳೇ. ಇಲ್ಲಿ ಬರೆಯುತ್ತಿದ್ದೇನೆ: ರೌಫ್. ನೀನಾದರೂ ಇದನ್ನು ಬಾಯಿಬಿಟ್ಟು ಓದು.