ಎಂಟನೇ ದಿನದ ಜ್ವರ

ಮನೆಯಿಂದ,
ಮಾರ್ಚ್ ಹನ್ನೆರಡು, ಬುಧವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತಾ? ರೈಲು ಎಂಜಿನ್ ಓಡಿಸೋಕೆ ಕಲಿಯುವವಳು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು, ನೆನಪಿರಲಿ. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರು ಬೆಳಿಗ್ಗೆ ಬೇಕರಿ ಕೆಲಸಕ್ಕೆ ಹೊರಟರೆ ನಾನೂ ನಿನ್ನ ಮಗಳೂ ಅಂಗಡಿಯಲ್ಲೇ. ನಾನು ರಿಪೇರಿಗೆ ಬಂದ ಹೊಲಿಗೆ ಯಂತ್ರ ಬಿಚ್ಚುತ್ತೇನೆ, ಅವಳು ಎಣ್ಣೆ ಬಟ್ಟೆ ಬಾಯಿಗಿಡೋಕೆ ಹೊಂಚು ಹಾಕುತ್ತಾಳೆ. ಕೆಳಗೆ ಎರಡು ಹಲ್ಲು ಬಂದಿವೆ. ಎರಡನ್ನೂ ನನ್ನ ಬೆರಳಿನ ಮೇಲೆ ಪರೀಕ್ಷೆ ಮಾಡಿ ಆಯಿತು.

ಒಂಬತ್ತು ತಿಂಗಳು ತುಂಬಿತಲ್ಲ, ಕಳೆದ ತಿಂಗಳ ಕೊನೇ ಮಂಗಳವಾರ ದಡಾರದ ಚುಚ್ಚುಮದ್ದು ಹಾಕಿಸಿದೆ. ನಿನಗೆ ಗೊತ್ತು, ಯಾವ ಸ್ಕ್ರೂ ಯಾಕಿದೆ ಅಂತ ತಿಳಿಯದೆ ನಾನು ಯಂತ್ರದ ಮುಚ್ಚಳ ಹಾಕುವವನಲ್ಲ. ಹಾಕಿಸುವ ಮೊದಲು ಆಸ್ಪತ್ರೆಯ ನರ್ಸಮ್ಮನನ್ನು ಕೇಳುತ್ತಲೇ ಹೋದೆ. ಒಳಗಿರುವುದು ದಡಾರದ ರೋಗಾಣುವೇ ಅಂತೆ, ಆದರೆ ಬಲ ಕುಂದಿಸಿದ್ದು. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುವುದು ಏಕೆಂದರೆ, ತೀರಾ ಅಪರೂಪಕ್ಕೆ ಯಾರಿಗಾದರೂ ಮೈಗೆ ಒಗ್ಗದೆ ಉಸಿರು ಕಟ್ಟುವ ಹಾಗಾಗಬಹುದು. ಆಗುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ. ಅದಕ್ಕೂ ಔಷಧಿ ಅವಳ ತಟ್ಟೆಯಲ್ಲಿ ಸಿದ್ಧವಾಗಿತ್ತು. “ಏನೂ ಆಗಲ್ಲ ಅಂತ ಬರೆದುಕೊಡ್ತೀಯೇನಮ್ಮಾ?” ಅಂದೆ. “ಇಲ್ಲ ತಾತಾ, ಹಾಗೆ ಬರೆದುಕೊಡಲ್ಲ. ಕಾಲು ನೋಯುತ್ತೆ. ವಾರ ಕಳೆದ ಮೇಲೆ ಜ್ವರ, ಕೆಂಪು ದದ್ದು ಬರಬಹುದು. ಜ್ವರ ಏರಿದರೆ ಅಪರೂಪಕ್ಕೆ ಫಿಟ್ಸ್ ಬರೋದೂ ಉಂಟು. ಆದರೆ ದಡಾರವೇ ಬಂದರೆ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು” ಅಂದಳು. ಫಿಟ್ಸ್ ಅಂದಕೂಡಲೇ ಮಗುವನ್ನು ಎತ್ತಿಕೊಂಡು ಎದ್ದೇಬಿಟ್ಟೆ.

ಯಾಕೆ ಅಂದರೆ, ನಿನಗೂ ಹಾಗೇ ಆಗಿತ್ತು ಕಣಮ್ಮಾ. ಇದೇ ಚುಚ್ಚುಮದ್ದು, ಇದೇ ವಯಸ್ಸು. ಒಂಬತ್ತನೇ ದಿನ ಮೈ ಕಾದ ಕಾವಲಿಯಾಗಿ, ಅಮ್ಮನ ತೊಡೆಯ ಮೇಲೆ ಕಣ್ಣು ಮೇಲೆ ಮಾಡಿ ಸೆಟೆದುಕೊಂಡೆ. ಎರಡು ನಿಮಿಷವಿರಬಹುದು, ನನಗೆ ಒಂದು ಜನ್ಮ ಕಳೆದ ಹಾಗಾಯಿತು. ಆಮೇಲೆ ನಿದ್ದೆ ಮಾಡಿ ಎದ್ದು ಹಾಲಿಗೆ ಅತ್ತೆ. ಅಷ್ಟೇ. ಆದರೆ ಆ ಭಯ ನನ್ನೊಳಗಿಂದ ಹೋಗಲೇ ಇಲ್ಲ. ಇದನ್ನೆಲ್ಲ ಹೇಳಿದಾಗ ನರ್ಸಮ್ಮ ನಗಲಿಲ್ಲ, ಡಾಕ್ಟರನ್ನು ಕರೆದಳು. “ಚುಚ್ಚುಮದ್ದಿನ ಜ್ವರದಿಂದಲೇ ಆಗಿರಬಹುದು. ಇಂಥ ಫಿಟ್ಸ್ ಸಾಮಾನ್ಯವಾಗಿ ಏನೂ ಉಳಿಸಿ ಹೋಗಲ್ಲ. ಮಗಳು ಈಗ ಏನು ಮಾಡ್ತಾಳೆ?” ಅಂತ ಅವರು ಕೇಳಿದರು. ರೈಲು ಓಡಿಸೋಕೆ ಕಲೀತಿದ್ದಾಳೆ ಅಂದೆ. ಆಗ ಮೂವರೂ ನಕ್ಕೆವು. ನಿನಗೆ ಆಗಿದ್ದರಿಂದ ಮಗುವಿಗೂ ಆಗುವ ಸಾಧ್ಯತೆ ತುಸು ಹೆಚ್ಚು, ಆದರೂ ಹಾಕಿಸಲು ಅಡ್ಡಿಯಿಲ್ಲ ಅಂದರು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಕೂಡಲೇ ಕರೆದುಕೊಂಡು ಬಾ ಅಂತ ಹೇಳಿಕೊಟ್ಟರು.

ಎಂಟನೇ ದಿನ ಜ್ವರ ಬಂತು. ಅಂಗಡಿ ಮುಚ್ಚಿ, ಅವರು ಬರೆದುಕೊಟ್ಟ ಔಷಧಿ ಹಾಕಿ, ಗಂಟೆಗೊಮ್ಮೆ ಜ್ವರ ನೋಡಿ ಬರೆದಿಟ್ಟೆ. ಹೊಟ್ಟೆಯ ಮೇಲಿನ ದದ್ದನ್ನು ನನ್ನ ಭೂತಗನ್ನಡಿ ಹಿಡಿದು ಎಣಿಸಿದೆ. ಎಣಿಕೆ ಇಪ್ಪತ್ತಾರಕ್ಕೆ ಬರುವಷ್ಟರಲ್ಲಿ ಅವಳು ಕನ್ನಡಿಯನ್ನೇ ಕಸಿದುಕೊಂಡಳು. ಫಿಟ್ಸ್ ಬರಲಿಲ್ಲ. ಮಾರನೇ ಸಂಜೆಗೆ ಜ್ವರ ಇಳಿದು, ಮತ್ತೆ ಎಣ್ಣೆ ಬಟ್ಟೆಗೆ ಕೈ ಹಾಕಿದಳು. ನನ್ನ ಚೀಟಿ ನೋಡಿ ನರ್ಸಮ್ಮ ತನ್ನ ಪುಸ್ತಕಕ್ಕೆ ಬರೆದುಕೊಂಡಳು. ಇಷ್ಟು ಸಣ್ಣದನ್ನೂ ಯಾಕೆ ಬರೀತೀಯಮ್ಮಾ ಅಂತ ಕೇಳಿದರೆ, “ಬರೆದಿಟ್ಟರೆ ತಾನೇ ಯಾವುದು ಮಾಮೂಲು, ಯಾವುದು ಅಲ್ಲ ಅಂತ ಗೊತ್ತಾಗೋದು?” ಅಂದಳು. ಆ ಮಾತು ನನಗೆ ಬಹಳ ಹಿಡಿಸಿತು.

ಅಳಿಯಂದಿರು ನಿನ್ನನ್ನು ಕೇಳಿದ್ದಾರೆ. ಕಲಿಕೆ ಚೆನ್ನಾಗಿ ಮುಗಿಸಿ, ಗಟ್ಟಿಮುಟ್ಟಾಗಿ ಮನೆ ಸೇರು, ತಾಯಿ.

ನಿನ್ನ
ಅಪ್ಪ

ಒಂದು ಮಾತು ಮೇಲೆ ಬರೆಯಲಿಲ್ಲ. ಮರೆತೆ ಅಂತ ಬರೆದರೆ ಸುಳ್ಳಾಗುತ್ತೆ, ಧೈರ್ಯ ಬಂದಿರಲಿಲ್ಲ. ಆ ಫಿಟ್ಸ್ ಆದ ಮೇಲೆ ನಿನಗೆ ಎರಡನೇ ಸಲದ ಚುಚ್ಚುಮದ್ದು ಹಾಕಿಸಲೇ ಇಲ್ಲ. ನಿನ್ನನ್ನು ಎತ್ತಿಕೊಂಡು ಎರಡು ಬೀದಿ ಸುತ್ತಿ ಬಂದು, ಹಾಕಿಸಿದೆ ಅಂತ ಅಮ್ಮನಿಗೆ ಹೇಳಿದೆ. ಅವಳು ಕೊನೆವರೆಗೂ ನಂಬಿದ್ದಳು. ಮೊನ್ನೆ ಡಾಕ್ಟರ ಹತ್ತಿರ ಒಪ್ಪಿಕೊಂಡೆ. ಈಗಲೂ ಹಾಕಿಸಿಕೊಳ್ಳಬಹುದಂತೆ, ಇನ್ನೊಂದು ಮಗುವಿನ ಯೋಚನೆ ಇದ್ದರೆ ಅದಕ್ಕೆ ಮೊದಲೇ ಆಗಬೇಕು, ಬಸಿರಾದ ಮೇಲೆ ಕೊಡುವುದಿಲ್ಲ. ಅಲ್ಲೇ ಆಸ್ಪತ್ರೆಗೆ ಹೋಗಿ ಎಲ್ಲ ಹೇಳಿ ಕೇಳು. ನನ್ನನ್ನು ಬೈಯುವುದಿದ್ದರೆ ಹಾಕಿಸಿಕೊಂಡು ಬಂದು ಬೈಯಿ.