ಸೊಟ್ಟಿ ಕೂತಿದ್ದಳು

ಹಳೆ ಗಣಿ, ಏಳನೇ ಅಂತಸ್ತು
೨೨೬೧, ಹದಿಮೂರನೇ ತಿಂಗಳು, ೩೪ನೇ ತಾರೀಕು

ಇನ್ನೂ ಬಿಸಿಲಲ್ಲಿ ಓಡಾಡುತ್ತಿರುವ ಹಿರಿಯರಿಗೆ,

ತಾರೀಕು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾಯಿತು, ನಾವು ನಲವತ್ತು ದಿನದ ಒಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತು ಒರಟು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕ್ಷಮಿಸಿ. ಒಂದು ಸಲ ಹೇಳಿದ್ದೇನೆ, ಇನ್ನು ಹೇಳುವುದಿಲ್ಲ. ನಿಮ್ಮನ್ನು ನೆನೆದರೆ ವಾಕರಿಕೆ ಬರುತ್ತದೆ.

ಮೇಲೆ ಕಾಲಿಟ್ಟರೆ ಚರ್ಮ ಸುಲಿಯುತ್ತದೆ, ಅದಕ್ಕೆ ನೆಲದಡಿ ಇದ್ದೇವೆ. ಗೋಡೆಯಲ್ಲಿ ಜಿನುಗುವ ನೀರು, ದೀಪದ ಬೆಳಕು, ಅದರಲ್ಲೇ ರಾಗಿ. ಜನ ಹೆಚ್ಚಾದಾಗ ನಿಮ್ಮ ಕಾಲದಲ್ಲಿ ಮುಚ್ಚಿದ ಸುರಂಗವೊಂದನ್ನು ಒಡೆಯುತ್ತೇವೆ. ಮೊದಲು ಒಳಗೆ ಹೋಗುವುದು ಉಸಿರುನಾಯಿ. ಗಾಳಿ ಚೆನ್ನಾಗಿದ್ದರೆ ಬಾಲ ಅಲ್ಲಾಡಿಸುತ್ತಾ ವಾಪಸ್ ಬರುತ್ತದೆ. ಕೆಟ್ಟಿದ್ದರೆ ಸುರಂಗದ ಬಾಯಲ್ಲೇ ಕೂತುಬಿಡುತ್ತದೆ. ಕೂತರೆ ಮುಚ್ಚಬೇಕು, ಅಷ್ಟೇ. ಉಸಿರುನಾಯಿಗೆ ಹೆಸರಿಡಬಾರದು, ಇಟ್ಟರೆ ಮೂಗಿನ ಮಾತು ಬಿಟ್ಟು ನಮ್ಮ ಮಾತು ಕೇಳುತ್ತದಂತೆ. ನಾನು ಇಟ್ಟೆ. ಒಂದು ಕಿವಿ ಮಡಚಿಕೊಂಡಿತ್ತು, ಸೊಟ್ಟಿ ಅಂದೆ. ಒಂದೂವರೆ ವರ್ಷದವಳು. ನನ್ನ ಕಂಬಳಿಯ ಮುಕ್ಕಾಲು ಭಾಗ ಅವಳದೇ. ಬಿಸಿ ಮುದ್ದೆಗೆ ಬಾಯಿ ಹಾಕಿ, ತಾಳದೆ ಉಗುಳಿ, ತಪ್ಪು ನನ್ನದೇ ಎನ್ನುವ ಹಾಗೆ ಗುರಾಯಿಸುತ್ತಿದ್ದಳು.

ಹೋದ ತಿಂಗಳು ನಾಲ್ಕನೇ ಸುರಂಗ ಒಡೆದೆವು. ಸೊಟ್ಟಿ ಮೂಸಿದಳು, ಕೂತಳು. ನಮ್ಮ ಅಂತಸ್ತಿನ ಯಜಮಾನ ಪಾತಪ್ಪ ತಾತನಿಗೆ ಆ ಜಾಗ ಬೇಕಿತ್ತು. ಮದುವೆಯಾಗಲಿರುವ ಮೊಮ್ಮಗಳಿಗೆ ಮನೆ ಆಗಬೇಕಿತ್ತು.

"ಲೋ ಸೊಣ್ಣ, ಇದೇನ್ಲಾ ನಿನ್ ರಾಣಿ? ಮುದ್ದೆ ತಿನ್ಸಿ ತಿನ್ಸಿ ಕುಂಡೆ ಭಾರ ಮಾಡಿದ್ದೀಯ, ಏಳಕ್ಕೂ ಆಗ್ತಿಲ್ಲ!" ಎಂದ.

ಎಲ್ಲರೂ ನಕ್ಕರು. ನನಗೆ ಮುಖ ಬಿಸಿಯಾಯಿತು. "ಹೋಗೇ ಸೊಟ್ಟಿ," ಅಂದುಬಿಟ್ಟೆ. ಅವಳು ತಿರುಗಿ ನನ್ನನ್ನು ನೋಡಿದಳು. ಎದ್ದು ಹೋದಳು.

ವಾಪಸ್ ಬರಲಿಲ್ಲ. ಅವಳ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಎಳೆದುಕೊಂಡೆವು. ಉಸಿರಿರಲಿಲ್ಲ. ದೀಪ ಚಾಚಿ ನೋಡಿದರೆ ನಿಮ್ಮ ವಿಷದ ಪೀಪಾಯಿಗಳು, ಸಾಲು ಸಾಲು, ತುಕ್ಕು ಹಿಡಿದು ಸೋರುತ್ತಿದ್ದವು. ಕಣ್ಣಿಗೆ ಕಾಣದ ಕಡೆ ತಳ್ಳಿ, ಸುರಂಗದ ಬಾಯಿಗೆ ಗಾರೆ ಮೆತ್ತಿ, ಕೈ ತೊಳೆದು ಊಟಕ್ಕೆ ಹೋದಿರಲ್ಲ? ಥೂ.

ನಮ್ಮವರೂ ನಿಮ್ಮ ವಂಶವೇ. ಸತ್ತ ಉಸಿರುನಾಯಿಗೆ ವೀರಗಲ್ಲು ನಿಲ್ಲಿಸುವುದು ಇಲ್ಲಿಯ ಪದ್ಧತಿ. ಸೊಟ್ಟಿಗೂ ನಿಲ್ಲಿಸಿದರು. ಕಲ್ಲಿನಲ್ಲಿ ಅವಳು ಎದೆಯುಬ್ಬಿಸಿ ನುಗ್ಗುತ್ತಿದ್ದಾಳೆ. ಕೆಳಗೆ, 'ಊರಿಗಾಗಿ ತಾನಾಗಿ ಪ್ರಾಣ ಕೊಟ್ಟಳು.' ಪಾತಪ್ಪ ಅದಕ್ಕೆ ಅರಿಶಿನ ಹಚ್ಚಿ ಕಣ್ಣೊರೆಸಿಕೊಂಡ. ಎರಡೂ ಕಿವಿ ನೆಟ್ಟಗೆ ಕೆತ್ತಿದ್ದಾರೆ, ಹಡಬೆಗಳು.

ನಾನು ಉಳಿ ತಗೊಂಡು ಹೋಗಿ ಆ ಸಾಲು ಕೆರೆದು ಹಾಕಿದೆ. 'ಕೂತಿದ್ದಳು. ಸೊಣ್ಣ ಎಬ್ಬಿಸಿದ' ಎಂದು ಕೆತ್ತಿದೆ. ಅಕ್ಷರ ಸೊಟ್ಟಗಿವೆ, ಇರಲಿ. ನಿನ್ನೆ ಒಂದು ಹೊಸ ಮರಿ ತಂದು, ಕಲಿಸು ಎಂದು ನನ್ನ ಕೈಗಿಟ್ಟರು. ಇನ್ನೂ ಹೆಸರಿಟ್ಟಿಲ್ಲ. ಮುಂದೆ ಅದು ಎಲ್ಲಿ ಕೂರುತ್ತದೋ ಅಲ್ಲೇ ಪಕ್ಕದಲ್ಲಿ ನಾನೂ ಕೂರುತ್ತೇನೆ. ಪಾತಪ್ಪ ಬಂದು ಇಬ್ಬರನ್ನೂ ಎಬ್ಬಿಸಲಿ, ನೋಡುತ್ತೇನೆ.

ನಿಮ್ಮಿಂದ ಒಂದೇ ಬೇಕು. ಇವತ್ತು ಎಲ್ಲೋ ಒಂದು ಗುಂಡಿಯ ಬಾಯಲ್ಲಿ ಪೀಪಾಯಿ ಉರುಳಿಸಲು ನಿಂತಿರುತ್ತೀರಿ. ಹತ್ತಿರದಲ್ಲೇ ಒಂದು ನಾಯಿ ಮೂಸಿ ಕೂತಿರುತ್ತದೆ. ಅದನ್ನು ಎಬ್ಬಿಸಬೇಡಿ. ಪೀಪಾಯಿ ಎತ್ತಿಕೊಂಡು ವಾಪಸ್ ಹೋಗಿ.

ಸೊಣ್ಣಪ್ಪ